ಮುನಿಶಾಮಪ್ಪನವರ ಕೆಮ್ಮಣ್ಣು

ಮುನಿಶಾಮಪ್ಪನವರನ್ನು ನಾನು ಮೊದಲ ಸಲ ನೋಡಿದಾಗ ಅವರು ಮಣ್ಣು ತಿನ್ನುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಅರಿಶಿನಕುಂಟೆಯಲ್ಲಿ ಹೈವೇ ಪಕ್ಕ ನನ್ನ ಮರಗೆಲಸದ ಶೆಡ್ಡಿದೆಯಲ್ಲ, ಅದರ ಹಿಂದೆ ಆಗ ನೀರಿನ ಸಂಪಿಗೆ ಗುಂಡಿ ತೋಡಿಸುತ್ತಿದ್ದೆ. ಆ ಮಣ್ಣಿನ ಗುಡ್ಡೆಯ ಹತ್ತಿರ ಯಾರೋ ಒಬ್ಬ ಮುದುಕರು, ಬಿಳಿ ಷರಟು, ಮಡಿಚಿ ಕಟ್ಟಿದ ಪಂಚೆ, ಹೆಗಲ ಮೇಲೆ ಟವಲ್ಲು, ಕುಕ್ಕರಗಾಲಲ್ಲಿ ಕೂತು ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆ ಮೇಲಿಟ್ಟುಕೊಂಡರು. ಕಣ್ಣು ಮುಚ್ಚಿ, ದವಡೆ ಆಡಿಸಿ, ಒಳ್ಳೆ ಮದುವೆಮನೆ ಸಾರಿನ ಉಪ್ಪು ನೋಡುವವರ ಹಾಗೆ ತಲೆದೂಗಿದರು.

"ಅಯ್ಯಯ್ಯೋ! ಯಾರ್ರೀ ಅದು? ತಲೆಗಿಲೆ ಕೆಟ್ಟಿದೆಯಾ?" ಅಂತ ಅಲ್ಲಿಂದಲೇ ಕಿರುಚಿದೆ. ನನ್ನ ಬಾಯಿಯೇ ಹಾಗೆ. ಬೇಸಾಯದ ಮನೆ ಹೆಣ್ಣುಮಗಳು ಉಳಿ ಸುತ್ತಿಗೆ ಹಿಡಿದು ಅಂಗಡಿ ಇಟ್ಟರೆ ಬಾಯಿ ಜೋರಿಲ್ಲದೆ ಬದುಕೋಕಾಗಲ್ಲ ಅಂತ ನಾನೇ ನನಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಅವರು ಗಾಬರಿಯಾಗಲಿಲ್ಲ. ಪಕ್ಕಕ್ಕೆ ಉಗಿದು, ಟವಲಿನಲ್ಲಿ ನಾಲಿಗೆ ಒರೆಸಿಕೊಂಡು ಅಂದರು: "ಮಣ್ಣು ಒಳ್ಳೇದೈತೆ ಕಣವ್ವಾ. ಮನೆ ಹಿಂದೇನೇ ಇಂಥಾದ್ ಇಟ್ಕಂಡು ಆ ವಿಷದ ಡಬ್ಬಿ ಯಾಕ್ ಬಳೀತೀಯ ಮರಕ್ಕೆ?"

ಗುದ್ದಲಿಗೆ ಕಾವು ಹಾಕಿಸೋಕೆ ಬಂದಿದ್ದರಂತೆ. ನಾನು ಒಳಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೇಟೆಯಿಂದ ತಂದ ಸ್ಟೇನ್ ಅನ್ನೋ ಬಣ್ಣ ಬಳಿಯುತ್ತಿದ್ದದ್ದನ್ನು ನೋಡಿದ್ದರು. ಆ ಸ್ಟೇನು ಹಚ್ಚಿದ ದಿನ ನನಗೆ ಕಣ್ಣುರಿ, ತಲೆನೋವು, ರಾತ್ರಿ ಊಟ ಸೇರುತ್ತಿರಲಿಲ್ಲ. ಹಂಗಂತ ಮಣ್ಣು ಬಳಿಯೋದಾ? ಗೋಡೆಗೆ ಬಳಿಯೋದು ಕೇಳಿದ್ದೆ, ಮಂಚಕ್ಕೆ ಮಣ್ಣು ಬಳಿಯೋದು ಎಲ್ಲಾದರೂ ಉಂಟೇ ಅಂತ ನಕ್ಕೆ. ಅವರು ಕಾವು ಹಾಕಿಸಿಕೊಂಡು ಸುಮ್ಮನೆ ಹೋದರು. ಮುಂದಿನ ವಾರ ದೊಡ್ಡಬಳ್ಳಾಪುರದ ಕಡೆಯ ತಮ್ಮೂರು ಮಧುರೆಯಿಂದ ಬಸ್ಸು ಹತ್ತಿಕೊಂಡು ನಾಲ್ಕು ಬೇಳೆ ಡಬ್ಬಿ ಹೊತ್ತು ಬಂದೇಬಿಟ್ಟರು.

ಒಂದರಲ್ಲಿ ಗುಡ್ಡದ ಬುಡದ ಕೆಮ್ಮಣ್ಣು, ಒಂದರಲ್ಲಿ ಕೆರೆಯ ಕಟ್ಟೆಯ ಹಳದಿ ಮಣ್ಣು, ಒಂದರಲ್ಲಿ ಹಳೇ ಬಾವಿಯ ಆಳದಿಂದ ಬಂದ ಪಾಚಿ ಬಣ್ಣದ ಹಸಿರು ಮಣ್ಣು, ಕೊನೆಯದರಲ್ಲಿ ದೀಪದ ಮಸಿ. ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕಲಕುವುದು. ಒಂದು ಸಲ ಎಲೆಅಡಿಕೆ ಹಾಕಿ ಮುಗಿಸುವಷ್ಟು ಹೊತ್ತಿಗೆ ಮರಳೆಲ್ಲ ತಳಕ್ಕೆ ಕೂರುತ್ತದೆ. ಮೇಲಿನ ಬಗ್ಗಡದ ನೀರನ್ನು ಬಟ್ಟೆಯಲ್ಲಿ ಇನ್ನೊಂದು ಬಕೆಟ್ಟಿಗೆ ಸೋಸಿ, ಅದು ತಿಳಿಯಾದ ಮೇಲೆ ತಳದಲ್ಲಿ ಉಳಿದ ಕೆನೆಯಂಥ ಮಣ್ಣನ್ನು ಒಣಗಿಸುವುದು. ಕೆಲಸದ ದಿನ ಅದನ್ನು ಕಡಪ ಕಲ್ಲಿನ ಮೇಲೆ ಅಗಸೆ ಎಣ್ಣೆ ಹಾಕಿ ಅರೆದು, ಹಳೇ ಪಂಚೆಯ ತುಂಡಿನಲ್ಲಿ ಮರಕ್ಕೆ ತಿಕ್ಕುವುದು, ಮತ್ತೆ ಒರೆಸಿ ತೆಗೆಯುವುದು. ಒಣಗಿದ ಮೇಲೆ ತೆಳ್ಳಗೆ ಒಂದು ಕೈ ಅರಗಿನ ಪಾಲಿಷ್. ಅಷ್ಟೇ. ಹೊಂಗೆಮರದ ನೆರಳಲ್ಲಿ ಆ ಮೊದಲನೇ ಸ್ಟೂಲು ಒಣಗಿದ್ದನ್ನು ನೋಡಿ ನಾನು ಬಾಯಿ ಬಿಟ್ಟುಕೊಂಡು ನಿಂತೆ. ನನ್ನ ಅಜ್ಜಿ ಕೂರುತ್ತಿದ್ದ ಮಣೆಯ ಬಣ್ಣ ಅದು.

"ಬಣ್ಣ ಹಚ್ಚಿದ್ದು ಕಾಣಬಾರ್ದು ಕಣ್ ರತ್ನವ್ವಾ, ಮರ ಕಾಣ್ಬೇಕು. ಮುಖ ತೊಳ್ಸಿದಂಗಿರ್ಬೇಕು, ವೇಷ ಕಟ್ಟಿದಂಗಿರಬಾರ್ದು" ಅನ್ನುತ್ತಿದ್ದರು.

ಹನ್ನೊಂದು ವರ್ಷ ನನ್ನ ಜೊತೆ ಕೆಲಸ ಮಾಡಿದರು. ವಾರಕ್ಕೆ ಮೂರು ದಿನ, ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ವಾಪಸ್ಸು. ಓದು ಬರಹ ಇಲ್ಲ. ಮಾತು ಕಡಿಮೆ. ಇದ್ದದ್ದು ಒಂದೇ ಕಟ್ಟುನಿಟ್ಟು: ಡಬ್ಬಿ ಯಾರೂ ಮುಟ್ಟುವಂತಿಲ್ಲ. ಎಡಗಡೆಯಿಂದ ಕೆಂಪು, ಹಳದಿ, ಹಸಿರು, ಕಪ್ಪು. ಒಂದು ದಿನ ನಾನು ಶೆಡ್ಡು ಗುಡಿಸುವಾಗ ಅವುಗಳನ್ನು ಹಿಂದೆ ಮುಂದೆ ಮಾಡಿಬಿಟ್ಟೆ. ಬಂದವರು ಡಬ್ಬಿಗಳ ಮುಂದೆ ನಿಂತು, ಒಂದೊಂದರ ಮುಚ್ಚಳ ತೆಗೆದು ಚಿಟಿಕೆ ಚಿಟಿಕೆ ನಾಲಿಗೆಗಿಟ್ಟು, ಮತ್ತೆ ಸಾಲಾಗಿ ಜೋಡಿಸಿ, ಆಮೇಲೆ ಕೆಲಸಕ್ಕೆ ಕೂತರು. "ಏನ್ ಸ್ವಾಮೀ, ಬೆಳಗ್ಗೆ ತಿಂಡಿ ಆಗಿಲ್ವಾ?" ಅಂತ ಕಿಚಾಯಿಸಿದೆ. "ಕೆಮ್ಮಣ್ಣು ಎಷ್ಟ್ ಸೋಸಿದ್ರೂ ಕೊನೇಗೆ ಹಲ್ಲಿಗೆ ಸಿಕ್ತದೆ. ಹಳದಿ ನಾಲಿಗೆ ಹಿಡ್ಕಂತದೆ. ಹಸ್ರು ಸೋಪಿನಂಗೆ ಜಾರ್ತದೆ. ಮಣ್ಣಿಗೂ ರುಚಿ ಐತೆ, ಕಣ್ಣು ಸುಳ್ಳೇಳ್ತದೆ, ನಾಲಿಗೆ ಹೇಳಲ್ಲ" ಅಂದರು. ನನಗೆ ಇದೊಂದು ದೊಡ್ಡ ವೇದಾಂತದ ಹಾಗೆ ಕೇಳಿಸಿತು. ಬಂದ ಗಿರಾಕಿಗಳಿಗೆಲ್ಲ ಹೇಳಿ ಮೆರೆದೆ.

ಇನ್ನೊಂದು ಅಭ್ಯಾಸ. ಬಣ್ಣ ಕಲಸಿ ಒಂದು ತುಂಡು ಮರಕ್ಕೆ ಹಚ್ಚಿ ನನ್ನನ್ನು ಕರೆಯುವರು. "ಬಾರವ್ವಾ, ಇದೆಂಗೈತೆ ಹೇಳು."

"ಚೆನ್ನಾಗಿದೆ."

"ಚೆನ್ನಾಗೈತೆ ಅನ್ನೋದು ಬಣ್ಣ ಏನವ್ವಾ? ಸರಿಯಾಗಿ ನೋಡಿ ಹೇಳು. ಹುಣಸೇಹಣ್ಣಾ? ಕಡ್ಲೇಕಾಯ್ ಬೀಜದ ಸಿಪ್ಪೇನಾ? ಕಾಯಿಸಿದ್ ಬೆಲ್ಲಾನಾ?"

ನಾನು ಬಗ್ಗಿ ನೋಡಿ, ಬಿಸಿಲಿಗೆ ಹಿಡಿದು ನೋಡಿ, "ಹುಣಸೇಹಣ್ಣೇ, ಆದ್ರೆ ಹೊಸದು, ಹಳೇದಲ್ಲ" ಅನ್ನಬೇಕು. ಆಗ ತಲೆದೂಗಿ ಇನ್ನೊಂದು ಚಿಟಿಕೆ ಏನೋ ಹಾಕುವರು. ಮತ್ತೆ ಕರೆಯುವರು. ದಿನಕ್ಕೆ ಹತ್ತು ಸಲ. ಕೆಲವು ಸಲ ನನಗೆ ರೇಗಿ, "ನೀವೇ ಗುರುಗಳು, ನನ್ನನ್ಯಾಕೆ ಕೇಳ್ತೀರಾ?" ಅಂದರೆ "ನಿನ್ ಕಣ್ಣು ಪಳಗ್ಲಿ ಅಂತ" ಅನ್ನುವರು. ಹಳದಿ ವಿಷಯಕ್ಕೆ ಮಾತ್ರ ನನ್ನನ್ನು ಕೇಳುತ್ತಿರಲಿಲ್ಲ. ಅದರಲ್ಲಿ ಅವರ ಕಣ್ಣು ಚಾಕು. ನೆಲಮಂಗಲದ ಒಬ್ಬರ ಹಲಸಿನ ಮಂಚಕ್ಕೆ ಒಂದು ಕಾಲು ಹೊಸದಾಗಿ ಹಾಕಿ ಬಣ್ಣ ಕಟ್ಟಿಕೊಟ್ಟಾಗ, ಆ ಮನೆಯವರು ಮಂಚ ಸುತ್ತಿ ಸುತ್ತಿ ನೋಡಿ, ಹೊಸ ಕಾಲು ಯಾವುದು ಅಂತ ನಮ್ಮನ್ನೇ ಕೇಳಿದ್ದರು. ಅವತ್ತು ಮುನಿಶಾಮಪ್ಪನವರ ಮುಖ ನೋಡಬೇಕಿತ್ತು. ಚಿಕ್ಕ ಮಗುವಿನ ಹಾಗೆ ನಕ್ಕರು.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ದೊಡ್ಡಬಳ್ಳಾಪುರದ ಅಂಚಿನಲ್ಲಿ ಸರೋಜಮ್ಮ ಅನ್ನುವವರು ಹೊಸಮನೆ ಕಟ್ಟಿಸುತ್ತಿದ್ದರು. ನರ್ಸಾಗಿದ್ದು ರಿಟೈರಾದವರು, ಬಲು ಶಿಸ್ತಿನ ಹೆಂಗಸು. ಹಳೇ ಮನೆಯ ಮುಂಬಾಗಿಲನ್ನು ಬಿಚ್ಚಿ ತಂದು ಹೊಸಮನೆಗೆ ಕೂರಿಸಿದ್ದರು. ನಾಲ್ಕು ತಲೆಮಾರು ಎಣ್ಣೆ ಕುಡಿದ ಬಾಗಿಲು, ಕಡುಗೆಂಪು. ಒಳಗಿನ ಎಂಟು ಬಾಗಿಲು ತೋಟದ ಹಲಸಿನ ಮರದಲ್ಲಿ ಹೊಸದಾಗಿ ನಾನು ಮಾಡಿದ್ದು. ಎಂಟಕ್ಕೂ ಮುಂಬಾಗಿಲಿನ ಬಣ್ಣವೇ ಬರಬೇಕು, ಒಂದು ಕೂದಲೂ ಆಚೀಚೆ ಆಗಕೂಡದು ಅನ್ನೋದು ಅವರ ಹಟ. ಗೃಹಪ್ರವೇಶಕ್ಕೆ ಒಂಬತ್ತು ದಿನ ಇತ್ತು. ಅಷ್ಟು ದೊಡ್ಡ ಕೆಲಸ ನನಗೆ ಅದುವರೆಗೂ ಸಿಕ್ಕಿರಲಿಲ್ಲ. ಇದೊಂದು ಸರಿಹೋದರೆ ಆ ಕಡೆಯ ಹತ್ತು ಮನೆ ನನ್ನ ಕೈಗೆ, ಕೆಟ್ಟರೆ ಅಂಗಡಿಯ ಹೆಸರು ಮಣ್ಣುಪಾಲು.

ಮುನಿಶಾಮಪ್ಪನವರಿಗೆ ಆಗಲೇ ಮುಂಗೈ ನೋವು ಶುರುವಾಗಿತ್ತು. ಅರೆಯುವಾಗ ತುಟಿ ಕಚ್ಚಿಕೊಳ್ಳುತ್ತಿದ್ದರು. ಪಾಪ ಅನ್ನಿಸಿ ನಾನು ಭಾನುವಾರ ಒಂದು ಉಪಕಾರ ಮಾಡಿದೆ. ಬೆಂಕಿ ಬೀಳಲಿ ನನ್ನ ಉಪಕಾರಕ್ಕೆ! ನಾಲ್ಕೂ ಡಬ್ಬಿಯ ಪುಡಿಯನ್ನು ಇಡೀ ದಿನ ಕೂತು ಎಣ್ಣೆಯಲ್ಲಿ ನುಣ್ಣಗೆ ಅರೆದು, ನಾಲ್ಕು ಹೊಸ ಬಿಳೀ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಸಂಜೆ ಸರೋಜಮ್ಮನವರ ಮನೆಯಲ್ಲಿ ಇಟ್ಟು ಬಂದೆ. ಹಸಿರು ಮಣ್ಣನ್ನು ಮುನಿಶಾಮಪ್ಪನವರು ಬಣ್ಣ ಮಂಕು ಮಾಡೋಕೆ ಚಿಟಿಕೆಯಷ್ಟು ಮಾತ್ರ ಬಳಸುತ್ತಿದ್ದರು. ನಾನು ಉತ್ಸಾಹದಲ್ಲಿ ಅದನ್ನೂ ಡಬ್ಬಿ ತುಂಬ ಅರೆದಿದ್ದೆ. ಆಮೇಲೆ ಅವರ ಮನೆಗೆ ಫೋನ್ ಮಾಡಿದೆ.

"ನಾಳೆ ಅರೆಯೋ ಕೆಲ್ಸ ಇಲ್ಲ ನಿಮಗೆ. ಎಲ್ಲಾ ರೆಡಿ ಮಾಡಿಟ್ಟಿದ್ದೀನಿ. ಮೊದಲ ಕೈ ಬರೀ ಕೆಂಪು ತಾನೆ? ಹಚ್ಚಿಬಿಡಿ."

"ಎಣ್ಣೇಲಿ ಅರೆದ್ಬಿಟ್ಯಾ?"

"ಹೂಂ."

"ಎಲ್ಲಾನೂವೆ?"

"ಎಲ್ಲಾನೂ!" ಹೆಮ್ಮೆ ನನಗೆ.

"ನಾಳೆ ನೀನ್ ಬರ್ತೀಯಾ?"

"ಇಲ್ಲ, ಬೆಂಗಳೂರಿಗೆ ಹೋಗ್ಬೇಕು, ಹಿತ್ತಾಳೆ ಕೀಲು ತರೋಕೆ. ನಾಳಿದ್ದು ಬೆಳಗ್ಗೆ ಬರ್ತೀನಿ."

"ಯಾವ್ದು ಎಲ್ಲಿಟ್ಟಿದ್ದೀಯವ್ವಾ?"

"ಅಯ್ಯೋ, ಮುಚ್ಚಳ ತೆಗೆದ್ರೆ ಗೊತ್ತಾಗಲ್ವಾ? ಬಿಡಿ ಸ್ವಾಮೀ" ಅಂತ ನಕ್ಕು ಫೋನ್ ಇಟ್ಟೆ.

ಮಾರನೇ ದಿನ ಅಮಾವಾಸ್ಯೆ. ಗಾರೆಯವರು, ಟೈಲ್ಸಿನವರು ಯಾರೂ ಬರುವುದಿಲ್ಲ. ಮುನಿಶಾಮಪ್ಪನವರು ಒಬ್ಬರೇ ಹೋಗಿ, ಧೂಳು ಬೀಳಬಾರದು ಅಂತ ಬಾಗಿಲು ಹಾಕಿಕೊಂಡು ಸಂಜೆಯವರೆಗೂ ಕೆಲಸ ಮಾಡಿದರಂತೆ. ಮಂಗಳವಾರ ಬೆಳಗ್ಗೆ ಕೀಲಿನ ಚೀಲ ಹಿಡಿದು ನಾನು ಹೋದರೆ ಅಂಗಳದಲ್ಲೇ ಸರೋಜಮ್ಮನವರು ಸಿಕ್ಕರು, ಅವರೂ ಆಗಷ್ಟೇ ಬಂದಿದ್ದರು. ಒಳಗೆ ಕಾಲಿಟ್ಟೆ.

ಎಂಟೂ ಬಾಗಿಲು ಹಸಿರು! ಹಳದಿ ಹಲಸಿನ ಮರದ ಮೇಲೆ ಆ ಬಾವಿಯ ಮಣ್ಣು ಕೂತು, ಪಾಚಿ ಕಟ್ಟಿದ ಕಲ್ಯಾಣಿಯ ಮೆಟ್ಟಿಲ ಹಾಗೆ ಕಾಣುತ್ತಿತ್ತು. ದೇವರಮನೆ ಬಾಗಿಲು ಕೂಡ. ಕೈ ಮಾತ್ರ ಎಷ್ಟು ಚೆನ್ನಾಗಿತ್ತು ಅಂದರೆ, ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ. ಮುನಿಶಾಮಪ್ಪನವರು ಕೊನೆಯ ಬಾಗಿಲ ಅಂಚು ಒರೆಸುತ್ತಾ ನಿಂತಿದ್ದರು, ಏನೂ ಆಗಿಲ್ಲ ಅನ್ನುವ ಹಾಗೆ. ನಾನು ಬಂದದ್ದು ನೋಡಿ, "ಬಂದ್ಯಾ? ನೋಡು, ಹೆಂಗೈತೆ ಹೇಳು" ಅಂದರು.

ಸರೋಜಮ್ಮ, ನಾಲ್ಕು ಜನ ಟೈಲ್ಸಿನವರು, ಕರೆಂಟಿನವನು, ಎಲ್ಲರ ಎದುರಿಗೆ ಗಂಟಲು ಹರಿಯುವ ಹಾಗೆ ಕೂಗಿದೆ.

"ಹೆಂಗಿದೆ ಅಂತ ಕೇಳ್ತೀರಾ? ಕಣ್ಣು ಕಾಣಲ್ವೇನ್ರೀ ನಿಮಗೆ? ಕಾಣ್ದಿದ್ರೆ ಮನೇಲಿ ಬಿದ್ದಿರ್ಬೇಕು, ಊರೋರ ಬಾಗಿಲು ಯಾಕ್ ಹಾಳ್ ಮಾಡ್ತೀರಾ? ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದ್ರಾ?"

ಅವರು ನನ್ನ ಮುಖ ನೋಡಿದರು. ಬಾಗಿಲು ನೋಡಿದರು. ಹತ್ತಿರ ಹೋಗಿ ಬೆರಳಲ್ಲಿ ಮುಟ್ಟಿದರು. ಆಮೇಲೆ ಬಲು ಮೆಲ್ಲಗೆ ಕೇಳಿದರು: "ಇದು ಕೆಂಪಲ್ವೇನವ್ವಾ?"

ಛೇಡಿಸುತ್ತಿದ್ದಾರೆ ಅಂದುಕೊಂಡೆ. ಇಲ್ಲ. ಬೆರಳಿಗಂಟಿದ ಬಣ್ಣವನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದರು.

"ನಂಗೆ ಕೆಂಪೂ ಹಸ್ರೂ ಒಂದೇ ತರ ಕಾಣ್ತವೆ ಕಣವ್ವಾ. ಹುಟ್ದಾಗಿಂದ್ಲೂ ಅಷ್ಟೇಯ."

ಹನ್ನೊಂದು ವರ್ಷ! ಹನ್ನೊಂದು ವರ್ಷ ಒಂದೇ ಕಲ್ಲಿನ ಆಚೆ ಈಚೆ ಕೂತು ಬಣ್ಣ ಕಟ್ಟಿದ್ದೇವೆ. ಒಣಗಿದ ಮಣ್ಣು ನಾಲಿಗೆಗೆ ಸಿಗುತ್ತಿತ್ತು, ನಾನು ಎಣ್ಣೆ ಬೆರೆಸಿ ಅದನ್ನೂ ಕಿತ್ತುಕೊಂಡಿದ್ದೆ. ಒಂದೇ ಥರದ ನಾಲ್ಕು ಬಿಳೀ ಡಬ್ಬಿ ಮುಂದಿಟ್ಟು, ನೋಡೋಕೆ ನಾನೂ ಇಲ್ಲದ ದಿನ ನೋಡಿ ಒಬ್ಬರನ್ನೇ ಕಳಿಸಿದ್ದೆ. ಟೈಲ್ಸಿನವನೊಬ್ಬ ಹಿಂದಿನಿಂದ, "ಕುರುಡನ ಕೈಗೆ ಕುಂಚ ಕೊಟ್ಟಂಗಾಯ್ತು ಬಿಡ್ರಪ್ಪಾ" ಅಂದ. ಎಲ್ಲರೂ ನಕ್ಕರು. ಅಷ್ಟೊತ್ತೂ ಕಿರುಚಿದ ನಾನು ಅವನಿಗೆ ಬಾಯಿ ಮುಚ್ಚು ಅನ್ನಲಿಲ್ಲ. ಮುನಿಶಾಮಪ್ಪನವರು ಕೈಯಲ್ಲಿದ್ದ ಬಟ್ಟೆ ಮಡಿಸಿ ಕಿಟಕಿ ಮೇಲಿಟ್ಟು, ಸರೋಜಮ್ಮನವರಿಗೆ ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಇನ್ನೂ ಒಂದು ಮಾತು ಕೇಳಿ. ಆ ಹಸಿರು ಹೋಯಿತು. ಎಣ್ಣೆ ಒಣಗಿರಲಿಲ್ಲವಲ್ಲ, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದರೆ ಬಂದುಬಿಟ್ಟಿತು. ಸಂಜೆಯ ಹೊತ್ತಿಗೆ ಎಂಟೂ ಬಾಗಿಲು ಹಳದಿಗೆ ತಿರುಗಿದ್ದವು. ಒರೆಸಿದರೆ ಹೋಗುವುದಕ್ಕೆ ನಾನು ಅಷ್ಟು ಕೂಗಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಬಾಗಿಲು ಒರೆಸಿದ ಹಾಗೆ ಅದನ್ನು ಒರೆಸೋಕಾಗುತ್ತಾ?

ಕೆಂಪನ್ನು ನಾನೇ ಕಟ್ಟಿದೆ. ಒಬ್ಬಳೇ ಅಂತ ಭಯ ಇತ್ತು, ಆದರೆ ಕೈ ತಡವರಿಸಲಿಲ್ಲ. ಮುಂಬಾಗಿಲಿಗೂ ಒಳಬಾಗಿಲಿಗೂ ವ್ಯತ್ಯಾಸ ಹುಡುಕೋಕೆ ಸರೋಜಮ್ಮ ಕನ್ನಡಕ ಹಾಕಿಕೊಂಡು ಓಡಾಡಿ ಸೋತರು. "ಎಂಥಾ ಕಣ್ಣಮ್ಮಾ ನಿಂದು!" ಅಂದರು. ನಾನು ಅವತ್ತು ಊಟಕ್ಕೂ ನಿಲ್ಲದೆ ಮನೆಗೆ ಬಂದೆ. ಕೆಲಸ ಮುಗಿಸಿ ಹೋದರಾಯಿತು ಅಂತ ಅಷ್ಟು ದಿನವೂ ಮಧುರೆಯ ಕಡೆ ತಲೆ ಹಾಕಿರಲಿಲ್ಲ ನಾನು. ಫೋನಾದರೂ ಮಾಡಬೇಕೋ ಬೇಡವೋ? ಮಾಡಲಿಲ್ಲ.

ಗೃಹಪ್ರವೇಶದ ಮಾರನೇ ದಿನ ಹೋದೆ. ಅವರು ಹೊಲದ ಕಡೆ ಹೋಗಿದ್ದರು. ಅವರ ಹೆಂಡತಿ ಗಂಗಮ್ಮ ಜಗಲಿ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಮಂಡಿ ಹಿಡಿದುಹೋಗಿ ಓಡಾಡಲಾರದವರು. ಬೈಯುತ್ತಾರೆ ಅಂದುಕೊಂಡು ಹೋಗಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮೊರ ನನ್ನ ಕಡೆಗೂ ಸರಿಸಿದರು.

"ನಿಂಗೆ ಗೊತ್ತಿಲ್ಲ ಅಂತ ನಂಗೊತ್ತಿತ್ತು ಕಣವ್ವಾ" ಅಂದರು. "ಮೊದ್ಲು ಊರೂರಲ್ಲಿ ಗೋಡೆಗೆ ಬಾಗಿಲಿಗೆ ಬಣ್ಣ ಕಟ್ಟೋವಾಗ ನಾನೇ ಮಡಕೆ ಹೊತ್ಕಂಡು ಜೊತೇಲಿ ಹೋಗ್ತಿದ್ದೆ. ಜನ ನೋಡಿ, ಏನ್ ಗಂಡ ಹೆಂಡ್ತಿ ಅಪ್ಪಾ, ಒಂದ್ ಗಳಿಗೆ ಬಿಟ್ಟಿರಲ್ವಲ್ಲ ಅನ್ನೋರು. ಕೆಂಪ್ಯಾವ್ದು ಅಂತ ಹೇಳೋಕೋಗ್ತಿದ್ದೆ ನಾನು. ನನ್ ಮಂಡಿ ಹೋದ್ಮೇಲೆ ಕೆಲ್ಸ ಬಿಟ್ಟು ಮೂರೊರ್ಷ ಗುದ್ದಲಿ ಹಿಡಿದ್ರು. ಆಮ್ಯಾಕೆ ನೀನ್ ಸಿಕ್ದೆ. ಸಂಜೆ ಬಂದು ಹೇಳೋರು, ರತ್ನವ್ವ ಇವತ್ತು ಹೊಸಾ ಹುಣಸೇಹಣ್ಣು ಅಂದ್ಲು, ಒಸಿ ಮಸಿ ಹಾಕ್ದೆ, ಸರಿಹೋಯ್ತು ಅಂತ. ನಿನ್ ಕಣ್ಣಾಗೇ ದುಡೀತಿದ್ರು ಅವ್ರು."

ಅವರೆಕಾಯಿ ನನ್ನ ಕೈಯಲ್ಲೇ ಉಳಿಯಿತು. ನನಗೆ ಕಲಿಸುತ್ತಿದ್ದಾರೆ ಅಂದುಕೊಂಡು ಹನ್ನೊಂದು ವರ್ಷ ಬೀಗಿದ್ದೆನಲ್ಲ. ಎಷ್ಟೋ ದಿನ ಸಿಡುಕಿ, ನೋಡದೆಯೇ "ಹೂಂ ಸರಿಯಾಗಿದೆ" ಅಂದಿದ್ದೂ ಉಂಟು. ಆಗೆಲ್ಲ ಅವರು ಯಾವ ಧೈರ್ಯದ ಮೇಲೆ ಮರಕ್ಕೆ ಕೈ ಹಚ್ಚಿದರೋ, ದೇವರೇ ಬಲ್ಲ.

ಅಷ್ಟರಲ್ಲಿ ಮುನಿಶಾಮಪ್ಪನವರು ಹೊಲದಿಂದ ಬಂದರು. ನನ್ನನ್ನು ನೋಡಿ ಮುಖ ಗಂಟಿಕ್ಕಲಿಲ್ಲ. ಕೈಕಾಲು ತೊಳೆದು ಬಂದು ಕೂತು, "ಬಾಗ್ಲು ಏನಾಯ್ತು?" ಅಂದರು ಮೊದಲಿಗೆ.

"ಒರೆಸ್ದೆ. ಹೋಯ್ತು. ಕೆಂಪು ಹಚ್ಚಿದ್ದೀನಿ, ಮುಂಬಾಗಿಲಿಗೆ ಸರಿಯಾಗಿ ಕೂತಿದೆ."

"ಹಂಗಾರೆ ಸರಿ" ಅಂದರು. ನಿಜವಾಗಲೂ ಅವರ ಮುಖ ಹಗುರಾಯಿತು. ಅದನ್ನೇ ನನಗೆ ತಡೆಯೋಕಾಗಲಿಲ್ಲ.

"ಸೋಮವಾರದಿಂದ ಬನ್ನಿ" ಅಂದೆ. "ಈಗ ಗೊತ್ತಾಯ್ತಲ್ಲ. ಡಬ್ಬಿ ಯಾರೂ ಮುಟ್ಟದಂಗೆ ನೋಡ್ಕೋತೀನಿ. ದಿನಕ್ಕೆ ನೂರು ಸಲ ಬೇಕಾದ್ರೂ ನಾನು ಹೇಳ್ತೀನಿ, ಹೆಂಗಿದೆ ಅಂತ."

ಟವಲಿನಲ್ಲಿ ಮುಖ ಒರೆಸಿಕೊಂಡರು. "ಬ್ಯಾಡ ಕಣ್ ರತ್ನವ್ವಾ. ಗೊತ್ತಿಲ್ದೆ ಹೇಳ್ತಿದ್ಯಲ್ಲ, ಅದು ಕೆಲ್ಸ. ಇಬ್ಬರದೂ ಕೆಲ್ಸ. ಇನ್ಮೇಲೆ ನೀನ್ ಹೇಳೋದು ದಾನ ಆಯ್ತದೆ. ದಾನ ತಗಂಡು ನಾನು ಬಣ್ಣ ಕಟ್ಟಲ್ಲ."

ಸಿಟ್ಟಿಲ್ಲ, ದೂರಿಲ್ಲ. ಇವತ್ತು ಬಿಸಿಲು ಜಾಸ್ತಿ ಅನ್ನುವ ದನಿಯಲ್ಲಿ ಹೇಳಿದರು. ನಾನು ಏನೇನೋ ವಾದಿಸಿದೆ, ಗಂಗಮ್ಮನವರ ಕಡೆ ನೋಡಿದೆ. ಅವರು ತಲೆ ಎತ್ತಲಿಲ್ಲ. ಆಮೇಲೆ ಮುನಿಶಾಮಪ್ಪನವರೇ ಎದ್ದು, "ನಡಿ, ಬಸ್ ಹೊತ್ತಾಯ್ತು" ಅಂತ ಸ್ಟಾಪಿನವರೆಗೂ ಜೊತೆಗೆ ಬಂದರು. ಅಲ್ಲಿ ನಾವಿಬ್ಬರೇ ಇದ್ದೆವು. ಕಾಲು ಗಂಟೆ ನಿಂತಿದ್ದೆವು. ಮಳೆ ಬೆಳೆ ವಿಷಯ ಮಾತಾಡಿದರು, ಶೆಡ್ಡಿನ ತಗಡು ಸೋರುತ್ತಲ್ಲ, ಬದಲಾಯಿಸು ಅಂದರು. ಬಸ್ಸು ಬಂತು. ಕಂಡಕ್ಟರು "ಹತ್ತಮ್ಮಾ, ಬೇಗ" ಅಂದ. ಹತ್ತಿಬಿಟ್ಟೆ.

ತಿಂಗಳು ತುಂಬುವ ಮೊದಲೇ ಫೋನ್ ಬಂತು. ಬೆಳಗ್ಗೆ ಕಾಫಿ ಕುಡಿದು ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ. ನನಗೆ ಅಳು ಬರಲಿಲ್ಲ, ಹೆದರಿಕೆಯಾಯಿತು. ಆ ಕಾಲು ಗಂಟೆ ಕಣ್ಣ ಮುಂದೆ ಬಂದು ನಿಂತಿತು, ಇವತ್ತಿಗೂ ನಿಂತೇ ಇದೆ. ತಪ್ಪಾಯಿತು ಅನ್ನೋಕೆ ಅಂತಲೇ ಅರಿಶಿನಕುಂಟೆಯಿಂದ ಮಧುರೆಗೆ ಹೋದವಳು ನಾನು. ಅಷ್ಟು ಜನರ ಮುಂದೆ ಗಂಟಲು ಹರಿದುಕೊಂಡ ಬಾಯಿ, ಅವರೊಬ್ಬರೇ ಪಕ್ಕದಲ್ಲಿ ನಿಂತಿದ್ದಾಗ ಆ ಒಂದು ಮಾತು ಆಡಲಿಲ್ಲ.